ಹೆಜ್ಜೆ ಕಲಿಯೋಕೆ ಮೇಷ್ಟ್ರು ಬೇಕು, ವಿಡಿಯೊ ಸಾಲದು

ಫೆಸ್ಟ್ ಹತ್ತಿರ ಬಂತು ಅಂದ್ರೆ ವಿದ್ಯಾನಗರದ ನಮ್ಮ ರೂಮುಗಳಲ್ಲಿ ಒಂದೇ ದೃಶ್ಯ. ಗೋಡೆಗೆ ಫೋನ್ ಒರಗಿಸಿ, ವಿಡಿಯೊ ನೋಡಿ ಸ್ಟೆಪ್ ಕಾಪಿ ಹೊಡೆಯೋದು. ಮೂರು ದಿನದಲ್ಲಿ ಡಾನ್ಸ್ ರೆಡಿ. ಸಿನಿಮಾ ಹಾಡಿಗೆ ಇದು ನಡೆಯುತ್ತೆ, ನಾವೂ ಮಾಡಿದ್ದೀವಿ. ಆದರೆ ಹಾಡು, ಕುಣಿತ ಇರುವ ನಾಟಕಕ್ಕೂ ಇದೇ ದಾರಿ ಹಿಡಿದರೆ ಏನಾಗುತ್ತೆ ಅನ್ನೋದು ಕಳೆದ ವರ್ಷ ನಮಗೆ ಚೆನ್ನಾಗಿ ಗೊತ್ತಾಯಿತು.

ಅವತ್ತು ವೇದಿಕೆ ಮೇಲೆ ಹದಿನಾಲ್ಕು ಜನ ಇದ್ವಿ. ಎರಡನೇ ಹಾಡಿನ ಮಧ್ಯೆ ಟ್ರ್ಯಾಕ್ ನಿಂತಿತು. ನಾವೂ ನಿಂತೆವು. ಪಾತ್ರವನ್ನೆಲ್ಲ ಮರೆತು ಸ್ಪೀಕರ್ ಕಡೆ ನೋಡಿದ್ವಿ. ಹಾಡು ಎಲ್ಲರಿಗೂ ಬಾಯಿಪಾಠ ಇತ್ತು, ಆದರೂ ಚಪ್ಪಾಳೆ ತಟ್ಟಿ ಮುಂದುವರಿಸುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಜನ ನಕ್ಕರು. ಆ ತಪ್ಪನ್ನು ಸೌಂಡ್‌ನವರ ಮೇಲೆ ಹಾಕೋದು ಸುಲಭ. ನಿಜ ಏನಂದ್ರೆ, ನಮಗೆ ಸ್ಟೆಪ್ ಬರುತ್ತಿತ್ತು, ತಾಳ ಬರುತ್ತಿರಲಿಲ್ಲ.

ಅದಕ್ಕೇ ಈ ಸಲ ರಂಗಭೂಮಿಯಲ್ಲಿ ಮೂವತ್ತು ವರ್ಷ ಕಳೆದ ಮೇಷ್ಟ್ರೊಬ್ಬರನ್ನು ಹತ್ತು ಸಂಜೆಗೆ ಕರೆಸಿದ್ವಿ. ಮೊದಲ ಮೂರು ಸಂಜೆ ಹಾಡಿಲ್ಲ, ಕುಣಿತ ಇಲ್ಲ, ಬರೀ ನಡಿಗೆ. "ಸಾರ್, ಸ್ಟೆಪ್ ಯಾವಾಗ?" ಅಂತ ಕೇಳಿದ್ದಕ್ಕೆ, "ಮೊದ್ಲು ನಡಿಯೋದು ಬರ್ಲಿ ಕಣ್ರಯ್ಯ" ಅಂದರು. ನಾಲ್ಕನೇ ದಿನ ತ್ರಿವುಡೆ ತಾಳ. ಎಂಟರ ಲೆಕ್ಕಕ್ಕೆ ಒಗ್ಗಿದ ಕಾಲಿಗೆ ಏಳರ ಲೆಕ್ಕ ಹತ್ತಲೇ ಇಲ್ಲ. ಕೈಯಲ್ಲಿ ತಟ್ಟುತ್ತಾ, ಬಾಯಲ್ಲಿ ಎಣಿಸುತ್ತಾ ಎರಡು ಸಂಜೆ ಅದರಲ್ಲೇ ಹೋಯಿತು. ಆಮೇಲೆ ಹಾಡುತ್ತಾ ನಡೆಯೋದು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನೋದೂ ಹೆಜ್ಜೆಯ ಪಾಠವೇ ಅಂತ ಆಗ ತಿಳಿಯಿತು.

ಅವರು ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಈ ಹೆಜ್ಜೆ ಹಾಕ್ತಿರೋದು ನೀನೋ, ಪಾತ್ರವೋ?" ಗೌಡನೂ ಅವನ ಆಳೂ ಒಂದೇ ಹಾಡಿಗೆ ಕುಣಿಯಬಹುದು. ತಾಳ ಒಂದೇ ಆದರೂ ಹೆಜ್ಜೆ ಒಂದೇ ಆಗೋಕೆ ಸಾಧ್ಯವಿಲ್ಲ. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಒಡ್ಡೋಲಗದಲ್ಲಿ ವೇಷ ಬಾಯಿ ಬಿಡುವ ಮೊದಲೇ, ಬಂದವನು ಎಂಥವನು ಅಂತ ಹೆಜ್ಜೆ ಹೇಳಿರುತ್ತೆ.

ವಿಡಿಯೊ ಹೆಜ್ಜೆ ತೋರಿಸುತ್ತೆ, ಸರಿ. ಆದರೆ ಅದು ನಮ್ಮನ್ನು ನೋಡೋದಿಲ್ಲ. ಹಿಂದಿನ ಸಾಲಿನ ಹುಡುಗಿ ಉಸಿರು ಬಿಗಿ ಹಿಡಿದಿದ್ದಾಳೆ, ಮೇಳ ಮುಂದೆ ಬಂದು ಮುಖ್ಯ ಪಾತ್ರವನ್ನೇ ಮರೆಮಾಡಿದೆ ಅಂತ ಹೇಳೋಕೆ ಎದುರಿಗೆ ಕೂತ ಅನುಭವಿ ಕಣ್ಣೇ ಬೇಕು.

ಇಂಥ ಅನುಭವಿಗಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಯೂ ಇಲ್ಲ. 1949ರಲ್ಲಿ ಶುರುವಾದ ನೀನಾಸಂ ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿದೆ. ಅಲ್ಲಿ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ, 1985ರಿಂದ ತಿರುಗಾಟ ಊರೂರು ಸುತ್ತುತ್ತಿದೆ. ನಮ್ಮ ಊರಲ್ಲೇ ಶಿವಮೊಗ್ಗ ರಂಗಾಯಣ ಇದೆ. ಕಂಬಾರರ 'ಜೋಕುಮಾರಸ್ವಾಮಿ'ಯನ್ನು 1972ರಲ್ಲಿ ಬಿ.ವಿ. ಕಾರಂತರು ರಂಗಕ್ಕೆ ತಂದಾಗ ಬಯಲಾಟದ ಹಾಡು, ಕುಣಿತಗಳೇ ನಾಟಕದ ಜೀವಾಳ. ಕನ್ನಡ ರಂಗಭೂಮಿಯಲ್ಲಿ ಹೀಗೆ ಹಾಡಿ ಕುಣಿದು ನಾಟಕ ಕಟ್ಟೋದನ್ನು ಬಲ್ಲವರು ಬಸ್ಸು ಹತ್ತಿದರೆ ಸಿಗುವಷ್ಟು ದೂರದಲ್ಲಿದ್ದಾರೆ. ನಾವು ಮಾತ್ರ ಫೋನ್ ನೋಡುತ್ತಾ ಕೂತಿದ್ದೀವಿ.

"ಇಂಟರ್ನಲ್ಸು, ಲ್ಯಾಬು, ರೆಕಾರ್ಡು, ಇದಕ್ಕೆಲ್ಲ ಟೈಮೆಲ್ಲಿ?" ಅಂತ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಭದ್ರಾವತಿಯಿಂದ ಓಡಾಡುವವರಿಗೆ ಸಂಜೆ ಏಳರ ಮೇಲೆ ನಿಲ್ಲೋದು ಕಷ್ಟ, ಈ ಸಲ ಇಬ್ಬರು ಅದಕ್ಕೇ ಬಿಟ್ಟರು. ಫೆಸ್ಟಿನ ಹಿಂದಿನ ವಾರ ಎಲ್ಲವನ್ನೂ ತುರುಕೋದರಿಂದಲೇ ಹೀಗಾಗೋದು. ಸೆಮಿಸ್ಟರ್ ಶುರುವಿನಿಂದಲೇ ವಾರಕ್ಕೆ ಎರಡು ದಿನ, ಐದರಿಂದ ಆರೂವರೆ ತನಕ ಇಟ್ಟುಕೊಂಡರೆ ಯಾರೂ ಬಿಡಬೇಕಾಗಿಲ್ಲ.

ಇನ್ನು ದುಡ್ಡಿನ ಮಾತು. ಹೊಗೆ ಯಂತ್ರಕ್ಕೆ, ಬಾಡಿಗೆ ಜರಿ ಬಟ್ಟೆಗೆ ಕೇಳಿದಷ್ಟು ಕೊಡುವ ನಾವು, ಕಲಿಸುವವರಿಗೆ ಕೊನೆಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕೊಟ್ಟು ಕೈ ಮುಗಿಯುತ್ತೀವಿ. ಇದು ಸರಿಯಲ್ಲ. ಕಲಿಸೋದು ಅವರ ಕಸುಬು, ಅದಕ್ಕೆ ಸಂಬಳ ಕೊಡಬೇಕು. ಮುಂದಿನ ವರ್ಷದ ಕ್ಲಬ್ ಬಜೆಟ್‌ನಲ್ಲಿ ಮೊದಲ ಸಾಲು ಮೇಷ್ಟ್ರ ಸಂಭಾವನೆ ಆಗಿರಲಿ, ಹೊಗೆ ಉಳಿದ ದುಡ್ಡಲ್ಲಿ ಬರಲಿ.

ಮೊನ್ನೆ ರಿಹರ್ಸಲ್ ಮಧ್ಯೆ ಕರೆಂಟ್ ಹೋಯಿತು. ಯಾರೂ ನಿಲ್ಲಲಿಲ್ಲ. ಕತ್ತಲಲ್ಲಿ ಯಾರೋ ಚಪ್ಪಾಳೆ ಹಿಡಿದರು, ಹಾಡು ಪೂರ್ತಿ ಮುಗಿಯಿತು.