ಯೋಗ್ಯತೆಯ ಅಳತೆಗೋಲು ಯಾರ ಕೈಯಲ್ಲಿ?

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಸರ್ಕಾರಿ ನೌಕರಿಯ ಹುಚ್ಚೆಂದೂ, ಯೋಗ್ಯತೆಗೆ ಬೆಲೆ ಕೊಡುವ ಖಾಸಗಿ ಕಂಪೆನಿಗಳಿಗೆ ಹೋಗಲು ನಮಗೆ ಧೈರ್ಯವಿಲ್ಲವೆಂದೂ ಹಿರಿಯರು ಆಗಾಗ ಹೇಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ.

ಯೋಗ್ಯತೆಯನ್ನು ಅಳೆಯುವವರು ಯಾರು? ಸುಖದೇವ್ ಥೋರಟ್ ಮತ್ತು ಪಾಲ್ ಆಟೆವೆಲ್ ಎಂಬ ವಿದ್ವಾಂಸರು 2007ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸರಿಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಅವರು ಕಳುಹಿಸಿದ್ದರು. ಬೇರೆಯಾಗಿದ್ದುದು ಹೆಸರು. ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರುವ ಸಂಭವ ಕಡಮೆಯಾಗಿತ್ತು. ಮುಸ್ಲಿಂ ಹೆಸರಿಗೆ ಇನ್ನೂ ಕಡಮೆ. ಮುಖವನ್ನೇ ನೋಡದೆ ಅಳೆದ ಯೋಗ್ಯತೆಯಿದು! ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರು ದೆಹಲಿಯ 25 ಮಂದಿ ನೇಮಕಾಧಿಕಾರಿಗಳೊಡನೆ ಮಾತನಾಡಿ ಬರೆದ ಲೇಖನವೂ ಹೊರಬಂದಿತು. ಸಂದರ್ಶನದಲ್ಲಿ ಮನೆತನದ ಹಿನ್ನೆಲೆಯನ್ನು ವಿಚಾರಿಸುವುದು ಅವರಲ್ಲಿ ವಾಡಿಕೆಯಂತೆ. ಕೂಲಿಕಾರನ ಮಗಳು ತಂದೆಯ ಕಸುಬನ್ನು ಹೇಳಿದ ಮೇಲೆ ಅವಳ ಅಂಕಪಟ್ಟಿಯ ಗತಿಯೇನು?

ಒಳಹೊಕ್ಕವರ ಪಾಡೂ ಅಷ್ಟೆ. ವರ್ಷಕ್ಕೊಮ್ಮೆ ಮೇಲಧಿಕಾರಿಯು ದರ್ಜೆ ಹಾಕುತ್ತಾನೆ. ಇಷ್ಟು ಮಂದಿ ಉತ್ತಮರು, ಇಷ್ಟು ಮಂದಿ ಕಳಪೆ ಎಂದು ಮೊದಲೇ ಗೊತ್ತುಮಾಡಿರುವ ಪದ್ಧತಿಯೂ ಉಂಟು. ಮೈಕ್ರೋಸಾಫ್ಟ್ ಕಂಪೆನಿ ಅದನ್ನು 2013ರಲ್ಲಿ ಕೈಬಿಟ್ಟಿತು. ಹತ್ತು ಮಂದಿಯೂ ಚೆನ್ನಾಗಿ ದುಡಿದಿದ್ದರೂ ಅಲ್ಲಿ ಒಬ್ಬ ಕೆಳಗೆ ಬೀಳಲೇಬೇಕು. ಬೀಳುವವನು ಬಹುಮಟ್ಟಿಗೆ ಕಾಫಿಯ ವೇಳೆಯಲ್ಲಿ ಮೇಲಧಿಕಾರಿಯ ಪಕ್ಕದಲ್ಲಿ ನಿಂತು ನಗಲು ಬಾರದವನೇ ಎಂದು ನನ್ನ ಊಹೆ.

ಸರ್ಕಾರದಲ್ಲಿ ಅನ್ಯಾಯವಿಲ್ಲವೆ? ಧಾರಾಳವಾಗಿ ಇದೆ. 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯ ಅಕ್ರಮವನ್ನು ಮರೆತವರಿಲ್ಲ. ಆದರೆ ಅಲ್ಲಿ ಉತ್ತರಪತ್ರಿಕೆಯೆಂಬುದೊಂದು ಇತ್ತು. ತನಿಖೆಗೆ ಹಿಡಿ ಸಿಕ್ಕಿತು. 2022ರ ಏಪ್ರಿಲಿನಲ್ಲಿ ಆಯ್ಕೆಯೇ ರದ್ದಾಯಿತು. ಬಡ್ತಿಯ ವಿಷಯದಲ್ಲಿಯೂ ಜ್ಯೇಷ್ಠತಾ ಪಟ್ಟಿ ಪ್ರಕಟವಾಗುತ್ತದೆ. ತಪ್ಪಿದ್ದರೆ ಗುಮಾಸ್ತೆಯೂ ಆಕ್ಷೇಪಣೆ ಸಲ್ಲಿಸಬಹುದು, ಆಡಳಿತ ನ್ಯಾಯಮಂಡಳಿಯ ಮೆಟ್ಟಿಲೇರಬಹುದು. ಕಂಪೆನಿಯ ಅಭ್ಯರ್ಥಿಗೆ ಬರುವುದು ವಿಷಾದ ಸೂಚಿಸುವ ಒಂದು ಸಾಲು. ಎಷ್ಟೋ ವೇಳೆ ಅದೂ ಬರುವುದಿಲ್ಲ.

ತನ್ನನ್ನೇಕೆ ಬಿಟ್ಟಿರೆಂದು ಕೇಳಿದವನಿಗೆ ಕಾರಣವನ್ನು ಬರೆದು ಕೊಡಬೇಕು. ಬಡ್ತಿಯ ನಿಯಮಗಳನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಬೇಕು. ನಾನು ಕೇಳುವುದು ಇಷ್ಟೇ. ವರ್ಷದ ಲಾಭನಷ್ಟವನ್ನು ಪೈಸೆ ಪೈಸೆಗೆ ಬರೆದಿಡುವವರಿಗೆ ಇದೇನೂ ಹೊರೆಯಾಗಲಾರದು.