ನೀರುವಂಜಿ: ಶಬ್ದವೂ ವಸ್ತುವೂ

ಮಹಾಭಾರತದ ಶಾಂತಿಪರ್ವದಲ್ಲಿ ಸಮುದ್ರನು ನದಿಗಳನ್ನು ಪ್ರಶ್ನಿಸುವ ಪ್ರಸಂಗವೊಂದುಂಟು. ಹೆಮ್ಮರಗಳನ್ನು ಬುಡಸಹಿತ ಕಿತ್ತು ತರುವ ನದಿಗಳು ದಡದಲ್ಲಿಯೇ ಬೆಳೆದ ಬಡಕಲು ವೇತಸವನ್ನು ಏಕೆ ತರುವುದಿಲ್ಲವೆಂಬುದು ಅವನ ಸಂದೇಹ. ಪ್ರವಾಹ ಬಂದಾಗ ಅದು ಬಾಗುತ್ತದೆ, ಇಳಿದ ಮೇಲೆ ಮತ್ತೆ ತನ್ನ ನೆಲೆಯಲ್ಲಿ ನಿಲ್ಲುತ್ತದೆ ಎಂಬುದು ಗಂಗೆಯ ಉತ್ತರ. ಕಾಳಿದಾಸನೂ ರಘುವಂಶದ ನಾಲ್ಕನೆಯ ಸರ್ಗದಲ್ಲಿ, ರಘುವಿಗೆ ಮಣಿದು ಉಳಿದುಕೊಂಡ ಸುಹ್ಮರ ನಡೆಯನ್ನು ವೇತಸದ ವೃತ್ತಿಯೆಂದೇ ಕರೆದನು.

ತರಗತಿಯಲ್ಲಿ ಈ ಶಬ್ದಕ್ಕೆ 'ಬೆತ್ತ'ವೆಂದು ಅರ್ಥ ಹೇಳಿ ಮುಂದೆ ಸಾಗುವುದು ರೂಢಿ. ಅದು ತಪ್ಪಲ್ಲ, ಆದರೆ ಅದೊಂದೇ ಅರ್ಥವೂ ಅಲ್ಲ. ಅಮರಕೋಶವು ವೇತಸ, ವಾನೀರ, ವಂಜುಲಗಳನ್ನು ಹೇಳಿದ ಬಳಿಕ ಅಂಬುವೇತಸವನ್ನು ಬೇರೆಯಾಗಿ ಎಣಿಸಿ, ಅದಕ್ಕೆ 'ನಾದೇಯೀ', ಎಂದರೆ ನದಿಯಲ್ಲಿ ಹುಟ್ಟಿದುದು, ಎಂಬ ಹೆಸರನ್ನೂ ಕೊಟ್ಟಿದೆ. ಜಲವೇತಸವೆಂದು ಗುರುತಿಸಲಾಗುವ ಮರವೇ ಕನ್ನಡದ ನೀರುವಂಜಿ, ಮರಾಠಿಯ ವಾಳುಂಜ, ಸಸ್ಯಶಾಸ್ತ್ರದ ಸ್ಯಾಲಿಕ್ಸ್ ಟೆಟ್ರಾಸ್ಪರ್ಮ. ಆಂಗ್ಲ ಪದ್ಯಗಳಲ್ಲಿ 'ವಿಲೋ'ವನ್ನು ಓದುವ ವಿದ್ಯಾರ್ಥಿಗೆ ಅದೇ ಕುಲದ ಮರವೊಂದು ತನ್ನ ನಾಡಿನ ಹೊಳೆಯ ದಡದಲ್ಲಿಯೂ ಇದೆಯೆಂಬುದು ತಿಳಿಯದಿರುವುದು ವಿಷಾದದ ಸಂಗತಿ.

ಈ ಮರದ ಎಳೆಯ ಕಡ್ಡಿಗಳಿಂದ ಬುಟ್ಟಿ ಹೆಣೆಯುತ್ತಿದ್ದರು. ಸೊಪ್ಪು ದನಕರುಗಳಿಗೆ ಮೇವಾಗುತ್ತಿತ್ತು. ಮೃದುವಾದ ಕಟ್ಟಿಗೆಯ ಇದ್ದಿಲು ಮದ್ದುಗುಂಡಿನ ಪುಡಿಗೆ ಒದಗುತ್ತಿತ್ತು. ಜ್ವರಕ್ಕೆ ತೊಗಟೆಯ ಕಷಾಯ ಕೊಡುವ ವಾಡಿಕೆಯೂ ಇತ್ತು. ಯುರೋಪಿನಲ್ಲಿ ಇದೇ ಕುಲದ ಮರದ ತೊಗಟೆಯಿಂದ 1828ರಲ್ಲಿ ಸ್ಯಾಲಿಸಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು; ಆ ಜಾಡಿನಲ್ಲಿಯೇ ಮುಂದುವರಿದ ರಸಾಯನಶಾಸ್ತ್ರ 1899ರಲ್ಲಿ ಆಸ್ಪಿರಿನ್ ಮಾತ್ರೆಯ ಹೆಸರನ್ನು ಲೋಕಕ್ಕೆ ಪರಿಚಯಿಸಿತು.

ತೊಲೆಗೂ ಬಾಗಿಲಿಗೂ ಒದಗದ ಈ ಮರದಿಂದ ಇಂದು ಪ್ರಯೋಜನವೇನೆಂದು ಕೇಳುವವರುಂಟು. ಇದರ ಬೆಲೆ ಕಾಂಡದಲ್ಲಿಲ್ಲ, ಬೇರಿನಲ್ಲಿದೆ. ಹೆಣೆದುಕೊಂಡು ಹಬ್ಬುವ ಬೇರು ದಡದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ದಡದ ಮರಗಳನ್ನು ಕಡಿದು, ಮಣ್ಣು ಕುಸಿದ ಮೇಲೆ ಕಲ್ಲಿನ ಗೋಡೆಗೆ ಹಣ ಸುರಿಯುವುದು ವಿವೇಕವಲ್ಲ.

ಮಳೆಗಾಲದ ಆರಂಭದಲ್ಲಿ ಹಸಿ ನೆಲಕ್ಕೆ ಕೊಂಬೆಯ ತುಂಡನ್ನು ಊರಿದರೆ ಸಾಕು, ಅದು ಬೇರು ಬಿಡುತ್ತದೆ. ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ ಮರಗಳಲ್ಲಿ ಬಿಡುವುದರಿಂದ ಎರಡರ ಕೊಂಬೆಗಳನ್ನೂ ನೆಡುವುದು ಯುಕ್ತ. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಹೊಳೆಯಂಚಿನಲ್ಲಿ ಜಮೀನುಳ್ಳ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ನಾಲ್ಕು ಗಜ ದಡವನ್ನು ಉಳುಮೆಯಿಂದ ಬಿಟ್ಟುಕೊಟ್ಟರೆ, ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಪಾಠ ಹೇಳಬಹುದು. ಬಾಗುವ ಮರವನ್ನು ಕಣ್ಣಾರೆ ಕಂಡ ಬಾಲಕನಿಗೆ ಗಂಗೆಯ ಉತ್ತರವನ್ನು ಬಾಯಿಪಾಠ ಮಾಡಿಸಬೇಕಾಗುವುದಿಲ್ಲ.