ಸ್ಕ್ಯಾನ್ ದಾರಿ ತೋರಲಿ, ತೀರ್ಪು ಕೊಡುವುದು ಬೇಡ

ಮೂತ್ರಪಿಂಡದಲ್ಲಿ ಪದೇ ಪದೇ ಕಲ್ಲು, ಸವೆಯುತ್ತಿರುವ ಮೂಳೆ, ಬಿಡದ ಆಯಾಸ: ಇವುಗಳ ಹಿಂದೆ ಕೆಲವೊಮ್ಮೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳ ತೊಂದರೆ ಇರುತ್ತದೆ. ಥೈರಾಯ್ಡ್‌ನ ಹಿಂಬದಿಗೆ ಅಂಟಿಕೊಂಡಿರುವ, ಅಕ್ಕಿಕಾಳಿನಷ್ಟು ಗಾತ್ರದ ಈ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಒಂದು ಗಡ್ಡೆಯಾಗಿ ಬೆಳೆದು ಹಾರ್ಮೋನನ್ನು ಮಿತಿಮೀರಿ ಸ್ರವಿಸಿದರೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಇದನ್ನು ಪೂರ್ತಿ ಗುಣಪಡಿಸುವುದು ಶಸ್ತ್ರಚಿಕಿತ್ಸೆಯೊಂದೇ. ಆದರೂ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲವೆಂದು ರೋಗಿಯನ್ನು ಮನೆಗೆ ಕಳಿಸುವುದುಂಟು. ಈ ರೂಢಿ ನಿಲ್ಲಬೇಕು.

ಈ ಕಾಯಿಲೆಯನ್ನು ಪತ್ತೆಹಚ್ಚುವುದು ಚಿತ್ರವಲ್ಲ, ರಕ್ತಪರೀಕ್ಷೆ. ಕ್ಯಾಲ್ಸಿಯಂ ಏರಿದಾಗ ಪ್ಯಾರಾಥೈರಾಯ್ಡ್ ಹಾರ್ಮೋನ್ ತಗ್ಗಬೇಕು. ತಗ್ಗದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ಕ್ಯಾಲ್ಸಿಯಂ ಮಟ್ಟ, ಮೂಳೆಯ ಸಾಂದ್ರತೆ, ಮೂತ್ರಪಿಂಡದ ಸ್ಥಿತಿ ಮತ್ತು ವಯಸ್ಸನ್ನು ನೋಡಿ ತೀರ್ಮಾನಿಸಬೇಕು. ಅಲ್ಟ್ರಾಸೌಂಡ್, ಟೆಕ್ನೀಶಿಯಂ ಬಳಸುವ ಸೆಸ್ಟಾಮಿಬಿ ಸ್ಕ್ಯಾನ್, ಹಂತಹಂತವಾಗಿ ತೆಗೆಯುವ ಸಿಟಿ, ಇವು ಹೇಳಬೇಕಾದದ್ದು ಕೆಟ್ಟ ಗ್ರಂಥಿ ಎಲ್ಲಿದೆ ಎಂಬುದನ್ನಷ್ಟೇ. ಅದರಲ್ಲೂ ಅವು ಸೋಲಬಹುದು. ಗಡ್ಡೆ ತೀರ ಚಿಕ್ಕದಿದ್ದರೆ, ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಊದಿದ್ದರೆ ಸೆಸ್ಟಾಮಿಬಿಯ ಕಣ್ಣಿಗೆ ಬೀಳದೆ ಹೋಗಬಹುದು. ಥೈರಾಯ್ಡ್‌ನ ಗಂಟೂ ಸ್ಕ್ಯಾನ್‌ಗಾಗಿ ಕೊಟ್ಟ ಔಷಧವನ್ನು ಹೀರಿಕೊಂಡು ದಾರಿ ತಪ್ಪಿಸಬಹುದು. ಚಿತ್ರದಲ್ಲಿ ಕಾಣದಿದ್ದರೂ ರಕ್ತದಲ್ಲಿ ಕಾಯಿಲೆ ಇದ್ದೇ ಇರುತ್ತದೆ.

ಎಲ್ಲಿದೆಯೆಂದು ತಿಳಿಯದೆ ಕುತ್ತಿಗೆಗೆ ಕತ್ತರಿ ಹಾಕುವುದು ಸರಿಯೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ನಾವಿಕ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್‌ಗೆ ಆರು ಶಸ್ತ್ರಚಿಕಿತ್ಸೆಗಳು ಫಲ ಕೊಡದೆ, 1932ರಲ್ಲಿ ಏಳನೆಯದರಲ್ಲಿ ಗಡ್ಡೆ ಎದೆಯೊಳಗೆ ಸಿಕ್ಕಿತು. ಇಂದಿನ ಸ್ಕ್ಯಾನ್‌ಗಳು ಅಂಥ ಅಲೆದಾಟವನ್ನು ತಪ್ಪಿಸಬಲ್ಲವು. ಜಾಗ ಖಚಿತವಾದರೆ ಸಣ್ಣ ಗಾಯದಲ್ಲೇ ಕೆಲಸ ಮುಗಿಯುತ್ತದೆ. ಮರುಶಸ್ತ್ರಚಿಕಿತ್ಸೆಗೆ ಮೊದಲಂತೂ ಸ್ಕ್ಯಾನ್ ಬೇಕೇ ಬೇಕು. ಆದರೆ ಮೊದಲ ಸಲದ ಶಸ್ತ್ರಚಿಕಿತ್ಸೆಯಲ್ಲಿ, ಸ್ಕ್ಯಾನ್ ಸುಳಿವು ಕೊಡದಿದ್ದರೂ, ನುರಿತ ಸರ್ಜನ್ ಕುತ್ತಿಗೆಯ ಎರಡೂ ಬದಿ ಪರಿಶೀಲಿಸಿ ನಾಲ್ಕೂ ಗ್ರಂಥಿಗಳನ್ನು ನೋಡಿದರೆ ಬಹುಪಾಲು ರೋಗಿಗಳು ಗುಣವಾಗುತ್ತಾರೆ. ಹಾಗೆ ನುರಿತವರು ಎಲ್ಲ ಊರಲ್ಲೂ ಸಿಗುವುದಿಲ್ಲ, ನಿಜ. ಅದಕ್ಕೆ ಪರಿಹಾರ ರೋಗಿಯನ್ನು ಅಂಥವರ ಬಳಿಗೆ ಕಳಿಸುವುದು. ಚಿಕಿತ್ಸೆ ನಿರಾಕರಿಸುವುದೂ ಅಲ್ಲ, ಸ್ಕ್ಯಾನ್ ಮೇಲೆ ಸ್ಕ್ಯಾನ್ ಬರೆದು ಖರ್ಚು ಹೆಚ್ಚಿಸುವುದೂ ಅಲ್ಲ. ರಕ್ತಪರೀಕ್ಷೆಯಿಂದ ಕಾಯಿಲೆ ಖಚಿತವಾಗಿ, ಶಸ್ತ್ರಚಿಕಿತ್ಸೆ ಅಗತ್ಯವೆಂದಾದ ಮೇಲೆ, ಸ್ಕ್ಯಾನ್ ವರದಿ ಹೇಗೇ ಬರಲಿ, ಆ ಚಿಕಿತ್ಸೆ ಪಡೆಯುವ ಹಕ್ಕು ರೋಗಿಗೆ ಉಳಿಯಬೇಕು.